ನಾಲ್ಕು–ಐದನೇ ತರಗತಿಯ ಓದು ಸರಿಮಾಡುವ ಬಗೆ

ಕೆಲವು ಮಕ್ಕಳು ಬೋರ್ಡ್ ನೋಡಿ ಅಂದವಾಗಿ ಬರೆಯುತ್ತಾರೆ, ಓದಲು ಮಾತ್ರ ಬಾರದು. ಲಿಖಿತ ಪರೀಕ್ಷೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಮುಖ್ಯ ಶಿಕ್ಷಕರೇ ಕೂತು ಒಬ್ಬೊಬ್ಬರಿಂದ ಅಕ್ಷರ, ಪದ, ನಾಲ್ಕು ಸಾಲು, ಸಣ್ಣ ಕಥೆ ಓದಿಸಬೇಕು. ತಲಾ 5 ನಿಮಿಷ. ಪಠ್ಯಪುಸ್ತಕ ಬೇಡ, ಬಾಯಿಪಾಠ ಒಪ್ಪಿಸಿಬಿಡುತ್ತಾರೆ!

ಎಡವುವುದು ಹೆಚ್ಚಾಗಿ ಕಾಗುಣಿತದ ದೀರ್ಘದಲ್ಲಿ (ಕಿ–ಕೀ, ಕೊ–ಕೋ) ಮತ್ತು ಒತ್ತಕ್ಷರದಲ್ಲಿ. ‘ಅಜ್ಜ’ ಓದಿದ ಮಗು ‘ಪುಸ್ತಕ’ದಲ್ಲಿ ನಿಲ್ಲುತ್ತದೆ. ತ, ನ, ಮ, ಯ, ರ, ಲ ಒತ್ತುಗಳು ಮೂಲ ಅಕ್ಷರದಂತೆ ಕಾಣುವುದಿಲ್ಲ. ಅವನ್ನು ಬೇರೆಯಾಗಿಯೇ ಕಲಿಸಬೇಕು. ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬರುವ ಸಜಾತಿ (ಅಜ್ಜ) ಮೊದಲು, ಬೇರೆ ಅಕ್ಷರದ ಒತ್ತು ಬರುವ ವಿಜಾತಿ (ಪುಸ್ತಕ) ಆಮೇಲೆ.

ವೇಳಾಪಟ್ಟಿಯಲ್ಲಿ ಮೊದಲ ಅವಧಿಯನ್ನು ಎರಡೂ ತರಗತಿಗೆ ಓದಿಗೇ ಇಟ್ಟು, ತರಗತಿ ನೋಡದೆ ಮಟ್ಟ ನೋಡಿ ಗುಂಪು ಮಾಡಿದರೆ ಕೆಲಸ ಸಾಗುತ್ತದೆ. ಕೆಡುವುದು ಎಲ್ಲಿ? ಇನ್ನೂ ಅಕ್ಷರದ ಮಟ್ಟದಲ್ಲೇ ಇರುವ ಮಕ್ಕಳ ಗುಂಪನ್ನು ಹೊಸ ಶಿಕ್ಷಕರಿಗೆ ದಾಟಿಸಿದಾಗ. ಆ ಗುಂಪಿಗೆ ಅನುಭವಿಗಳೇ ಬೇಕು, ಮುಖ್ಯ ಶಿಕ್ಷಕರಾದರೆ ಇನ್ನೂ ಒಳ್ಳೆಯದು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲ ಮಧ್ಯಾಹ್ನಕ್ಕೆ.

ಮೂರು ವಾರಕ್ಕೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಿ. ಇಲ್ಲದಿದ್ದರೆ ಗುಂಪಿನ ಹೆಸರೇ ಮಗುವಿಗೆ ಅಡ್ಡಹೆಸರಾಗುತ್ತದೆ.