ಬಿಸಿಲಿಗೆ ಮುನ್ನ ಇವಿ ಸಿದ್ಧತೆ: ನಿಂತ ಕಾರಿನ ಮೇಲೂ ಕಣ್ಣಿರಲಿ

ಎಲೆಕ್ಟ್ರಿಕ್ ಕಾರು (ಇವಿ) ಕೊಂಡ ಮೊದಲ ಬೇಸಿಗೆಯಲ್ಲಿ ನನ್ನ ಚಿಂತೆಯೆಲ್ಲ ಓಡಿಸುವ ಹೊತ್ತಿನದಾಗಿತ್ತು. ಎಸಿ ಹಾಕಿದರೆ ರೇಂಜ್ (ಒಂದು ಚಾರ್ಜ್‌ಗೆ ಓಡುವ ದೂರ) ಎಷ್ಟು ಇಳಿಯುತ್ತದೆ, ದಾರಿಯಲ್ಲಿ ಚಾರ್ಜ್ ಸಾಕಾಗುತ್ತದೆಯೇ ಎಂದು ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತಿದ್ದೆ. ಆದರೆ ರಾತ್ರಿ ಪೂರ್ತಿ ನೂರಕ್ಕೆ ಚಾರ್ಜ್ ಮಾಡಿದ ಕಾರನ್ನು ಮರುದಿನ ಹಗಲಿಡೀ ಬಟಾಬಯಲಿನ ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ. ಬ್ಯಾಟರಿಗೆ ನಿಜವಾದ ಪೆಟ್ಟು ಬೀಳುವುದು ಅಲ್ಲಿಯೇ ಎಂಬುದು ತಿಳಿದದ್ದು ತಡವಾಗಿ. ಕಾರು ದಿನದಲ್ಲಿ ಓಡುವುದು ಒಂದೆರಡು ಗಂಟೆ, ಉಳಿದ ಹೊತ್ತೆಲ್ಲ ನಿಂತಿರುತ್ತದೆ. ಹಾಗಾಗಿ ಬೇಸಿಗೆಯ ಸಿದ್ಧತೆಯಲ್ಲಿ ಮುಕ್ಕಾಲು ಪಾಲು ಕಾರನ್ನು ಎಲ್ಲಿ, ಎಷ್ಟು ಚಾರ್ಜ್‌ನಲ್ಲಿ, ಎಷ್ಟು ಹೊತ್ತು ನಿಲ್ಲಿಸುತ್ತೇವೆ ಎಂಬುದಕ್ಕೇ ಸೇರಿದ್ದು.

ಕಾರಣ ಸರಳ. ಲಿಥಿಯಂ ಅಯಾನ್ ಬ್ಯಾಟರಿಗೆ ಹಿತವಾದ ಉಷ್ಣಾಂಶ ಹೆಚ್ಚುಕಡಿಮೆ 15ರಿಂದ 35 ಡಿಗ್ರಿ ಸೆಲ್ಸಿಯಸ್. ಅದರೊಳಗಿನ ಗ್ರಾಫೈಟ್ ಪದರದ ಮೇಲೆ ಒಂದು ತೆಳುವಾದ ಪೊರೆ ಇರುತ್ತದೆ. ಬಿಸಿ ಏರಿದಂತೆ ಆ ಪೊರೆ ದಪ್ಪವಾಗುತ್ತ, ಚಾರ್ಜ್ ಹೊತ್ತು ಓಡಾಡಬೇಕಾದ ಲಿಥಿಯಂ ಅನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಕಳೆದುಹೋದ ಸಾಮರ್ಥ್ಯ ಮತ್ತೆ ಬರುವುದಿಲ್ಲ. ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರೂಢಿಯ ಲೆಕ್ಕ. ಬ್ಯಾಟರಿ ಪೂರ್ತಿ ತುಂಬಿದ್ದರೆ ಸವೆತ ಇನ್ನೂ ಬೇಗ. ಬಿಸಿ, ತುಂಬಿದ ಚಾರ್ಜ್, ದೀರ್ಘ ಸಮಯ: ಈ ಮೂರೂ ಒಟ್ಟಿಗೆ ಸೇರದಂತೆ ನೋಡಿಕೊಂಡರೆ ಸಾಕು. ಒಂದನ್ನು ತಪ್ಪಿಸಿದರೂ ದೊಡ್ಡ ಲಾಭ.

ನಿಮ್ಮ ಬ್ಯಾಟರಿ ಯಾವುದು?

ಮೊದಲ ಕೆಲಸ, ಕಾರಿನೊಂದಿಗೆ ಬಂದ ಕೈಪಿಡಿ ತೆರೆದು ಎರಡು ವಿಷಯ ಹುಡುಕುವುದು. ಬ್ಯಾಟರಿಯನ್ನು ತಂಪಾಗಿಡುವ ವ್ಯವಸ್ಥೆ ಯಾವುದು, ಅದರ ರಾಸಾಯನಿಕ ಬಗೆ ಯಾವುದು.

ಈಗಿನ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯ ನಡುವೆ ಕೂಲೆಂಟ್, ಅಂದರೆ ಬಿಸಿ ಹೀರುವ ದ್ರವ, ಹರಿಯುತ್ತದೆ. ಕೆಲವು ಕಾರುಗಳಲ್ಲಿ ಮತ್ತು ಬಹುತೇಕ ಸ್ಕೂಟರ್‌ಗಳಲ್ಲಿ ಬ್ಯಾಟರಿ ತಣ್ಣಗಾಗಬೇಕಾದದ್ದು ಸುತ್ತಲಿನ ಗಾಳಿಯಿಂದ ಮಾತ್ರ. ಇದರ ವ್ಯತ್ಯಾಸ ಎಷ್ಟು ಎಂಬುದಕ್ಕೆ ನಿಸ್ಸಾನ್ ಲೀಫ್ ಒಳ್ಳೆಯ ಉದಾಹರಣೆ. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಬ್ಯಾಟರಿಗೆ ಕೂಲೆಂಟ್ ವ್ಯವಸ್ಥೆ ಇರಲಿಲ್ಲ. 2012ರ ಹೊತ್ತಿಗೆ ಅಮೆರಿಕದ ಅರಿಜೋನಾದಂಥ ಸುಡುಬಿಸಿಲಿನ ಪ್ರದೇಶದ ಮಾಲೀಕರು ತಮ್ಮ ಕಾರಿನ ಪರದೆಯಲ್ಲಿ ಬ್ಯಾಟರಿ ಸಾಮರ್ಥ್ಯ ತೋರಿಸುವ ಹನ್ನೆರಡು ಗೆರೆಗಳು ಒಂದೊಂದಾಗಿ ಮಾಯವಾಗುತ್ತಿವೆ ಎಂದು ದೂರತೊಡಗಿದರು. ಕಂಪನಿ ಮುಂದೆ ಬಿಸಿ ತಾಳುವ ಬ್ಯಾಟರಿಯನ್ನೇ ರೂಪಿಸಬೇಕಾಯಿತು. ನಿಮ್ಮದು ಗಾಳಿಯಿಂದ ತಣ್ಣಗಾಗುವ ಬಗೆಯಾದರೆ ಮುಂದೆ ಹೇಳುವ ಮಾತುಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಿ.

ರಾಸಾಯನಿಕ ಬಗೆಯಲ್ಲಿ ಮುಖ್ಯವಾದವು ಎರಡು, ಎನ್‌ಎಂಸಿ (ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್) ಮತ್ತು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್). ಎನ್‌ಎಂಸಿ ಬ್ಯಾಟರಿಗೆ ದಿನಬಳಕೆಯಲ್ಲಿ ಶೇ 80ರ ಮಿತಿ ಸಾಮಾನ್ಯ ಸಲಹೆ. ಎಲ್‌ಎಫ್‌ಪಿ ಬಿಸಿಗೆ ಹೆಚ್ಚು ಗಟ್ಟಿ. ಆದರೆ ಅದರ ವೋಲ್ಟೇಜ್ ಹೆಚ್ಚು ಏರಿಳಿತವಿಲ್ಲದೆ ಸಪಾಟಾಗಿರುವುದರಿಂದ ಎಷ್ಟು ಚಾರ್ಜ್ ಉಳಿದಿದೆ ಎಂಬ ಅಂದಾಜು ಕಾರಿಗೇ ತಪ್ಪುತ್ತ ಹೋಗುತ್ತದೆ. ಅದಕ್ಕಾಗಿಯೇ ಹಲವು ಕಂಪನಿಗಳು ವಾರಕ್ಕೊಮ್ಮೆಯಾದರೂ ನೂರು ಮುಟ್ಟಿಸಿ ಎನ್ನುತ್ತವೆ. ಮುಟ್ಟಿಸಿ, ತಪ್ಪಿಲ್ಲ. ಬೇಸಿಗೆಯಲ್ಲಿ ಮಾತ್ರ ನೂರು ಮುಟ್ಟುವ ಹೊತ್ತು ನೀವು ಹೊರಡುವ ಹೊತ್ತಿಗೆ ಹತ್ತಿರವಿರಲಿ.

ತಂಪಿನ ವ್ಯವಸ್ಥೆ ಪರೀಕ್ಷಿಸಿ

ಬಿಸಿಲು ಏರುವ ಹದಿನೈದು ದಿನ ಮೊದಲೇ ಇದನ್ನು ಮುಗಿಸಿಕೊಳ್ಳಿ. ಕಾರು ರಾತ್ರಿಯಿಡೀ ನಿಂತು ತಣ್ಣಗಾದ ಮೇಲೆ ಬಾನೆಟ್ ಎತ್ತಿ ಕೂಲೆಂಟ್ ಡಬ್ಬಿ ನೋಡಿ. ದ್ರವದ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಕೆಲವು ಕಾರುಗಳಲ್ಲಿ ಮೋಟಾರಿಗೊಂದು, ಬ್ಯಾಟರಿಗೊಂದು ಎಂದು ಎರಡು ಡಬ್ಬಿಗಳಿರುತ್ತವೆ, ಎರಡನ್ನೂ ನೋಡಿ. ಮಟ್ಟ ಇಳಿದಿದ್ದರೆ ನಲ್ಲಿ ನೀರು ಸುರಿಯಬೇಡಿ. ಕೆಲವು ಇವಿಗಳ ಕೂಲೆಂಟ್ ವಿದ್ಯುತ್ ಹರಿಯದಂತೆ ವಿಶೇಷವಾಗಿ ತಯಾರಾದದ್ದು. ಬೇರೆ ಬಣ್ಣದ, ಬೇರೆ ಬಗೆಯ ದ್ರವ ಬೆರೆತರೆ ಆ ಗುಣವೇ ಕೆಡುತ್ತದೆ. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸರ್ವಿಸ್ ಸೆಂಟರ್‌ಗೆ ಹೋಗುವುದೇ ಸರಿ.

ಮುಂಭಾಗದ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಒಣಗಿದ ಎಲೆ, ಹುಳು, ಪ್ಲಾಸ್ಟಿಕ್ ಚೂರು, ಧೂಳಿನ ಮೆತ್ತೆ ರೇಡಿಯೇಟರಿಗೆ ಅಂಟಿಕೊಂಡಿರುತ್ತವೆ. ಮೆತ್ತನೆಯ ಬ್ರಷ್ ಮತ್ತು ಕಡಿಮೆ ರಭಸದ ನೀರು ಸಾಕು. ಜೆಟ್ ಪೈಪಿನಿಂದ ಹೊಡೆದರೆ ತೆಳುವಾದ ಹಾಳೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಎಸಿಯನ್ನು ಬರೀ ಕುಳಿತವರ ಸುಖಕ್ಕೆಂದು ತಿಳಿಯಬೇಡಿ. ಬಹಳಷ್ಟು ಇವಿಗಳಲ್ಲಿ ಕಾರಿನ ಒಳಭಾಗವನ್ನೂ ಕೆಳಗಿನ ಬ್ಯಾಟರಿಯನ್ನೂ ತಂಪು ಮಾಡುವುದು ಒಂದೇ ಕಂಪ್ರೆಸರ್. ಎಸಿ ಸೊರಗಿದರೆ ಬ್ಯಾಟರಿಯೂ ಬೇಯುತ್ತದೆ. ಗ್ಯಾಸ್ ತುಂಬಿಸುವಾಗ ಒಂದು ಎಚ್ಚರಿಕೆ ಅಗತ್ಯ. ಇವಿಯ ಕಂಪ್ರೆಸರ್ ಬೆಲ್ಟಿನಿಂದ ತಿರುಗುವುದಿಲ್ಲ, ನೂರಾರು ವೋಲ್ಟ್ ವಿದ್ಯುತ್ತಿನಿಂದ ತಿರುಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಹಾಕುವುದು ವಿದ್ಯುತ್ ಹರಿಯಗೊಡದ ಪಿಒಇ ಎಣ್ಣೆ. ಪೆಟ್ರೋಲ್ ಕಾರುಗಳಲ್ಲಿ ಬಳಸುವ ಪಿಎಜಿ ಎಣ್ಣೆ ಅದರೊಳಗೆ ಸೇರಿದರೆ ವಿದ್ಯುತ್ ಸೋರಿಕೆಯ ಎಚ್ಚರಿಕೆ ಬಂದು ಕಾರು ನಿಂತೇಬಿಡಬಹುದು. ಗ್ಯಾಸ್ ತುಂಬುವವರನ್ನು 'ಇದು ಇವಿ, ಯಾವ ಎಣ್ಣೆ ಹಾಕುತ್ತೀರಿ?' ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಅಲ್ಲಿ ಮಾಡಿಸಬೇಡಿ.

ಚಾರ್ಜ್ ಮಾಡುವ ಹೊತ್ತು ಬದಲಿಸಿ

ಮನೆಗೆ ಬಂದ ತಕ್ಷಣ ಪ್ಲಗ್ ಚುಚ್ಚುವುದು ನಮ್ಮೆಲ್ಲರ ಅಭ್ಯಾಸ. ಆಗ ಬ್ಯಾಟರಿ ಓಡಿದ ಬಿಸಿಯಲ್ಲಿರುತ್ತದೆ, ನೆಲವೂ ಗೋಡೆಯೂ ಹಗಲಿನ ಕಾವು ಉಗುಳುತ್ತಿರುತ್ತವೆ. ಆ್ಯಪ್‌ನಲ್ಲಿ ಸಮಯ ನಿಗದಿ ಮಾಡುವ ಸೌಲಭ್ಯವಿದ್ದರೆ ನಡುರಾತ್ರಿಯ ನಂತರ ಶುರುವಾಗಿ ನಸುಕಿಗೆ ಮುಗಿಯುವಂತೆ ಮಾಡಿ. ದಿನದ ಓಡಾಟಕ್ಕೆ ಶೇ 60 ಸಾಕಾದರೆ ಅಷ್ಟಕ್ಕೇ ನಿಲ್ಲಿಸಿದರೂ ಯಾವ ನಷ್ಟವೂ ಇಲ್ಲ.

ಈಗ ಪ್ಲಗ್‌ನ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎರಡನೆಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನನ್ನ ಚಾರ್ಜರಿನ ಪ್ಲಗ್ ಕೀಳಲು ಹೋದರೆ ಅದು ಸಾಕೆಟ್ ಬಿಟ್ಟು ಬರಲಿಲ್ಲ. ಅಲ್ಲಾಡಿಸಿ ಎಳೆದಾಗ ಸುಟ್ಟ ಬೇಕಲೈಟಿನ ಕಮಟು ವಾಸನೆ. ಮೂರು ಪಿನ್‌ಗಳಲ್ಲಿ ಒಂದರ ಬುಡ ಕಂದುಬಣ್ಣಕ್ಕೆ ತಿರುಗಿತ್ತು, ಅದರ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಮೇಣದಂತೆ ಕರಗಿ ಮತ್ತೆ ಗಟ್ಟಿಯಾಗಿತ್ತು. ಬಿಚ್ಚಿ ನೋಡಿದರೆ ಸಾಕೆಟ್ಟಿನ ಹಿಂದೆ ತಂತಿ ಬಿಗಿದ ಸ್ಕ್ರೂ ಒಂದು ಸುತ್ತು ಸಡಿಲ. ಅಷ್ಟೇ ಕಾರಣ. ಮನೆಯ ಗೀಸರ್ ಕೂಡ ಅಷ್ಟೇ ವಿದ್ಯುತ್ ಎಳೆಯಬಹುದು, ಆದರೆ ಅರ್ಧ ಗಂಟೆಗೆ ಆರಿಸುತ್ತೇವೆ. ಕಾರು ಏಳೆಂಟು ಗಂಟೆ ಬಿಡದೆ ಎಳೆಯುತ್ತದೆ. ಸಡಿಲ ಜಾಗದಲ್ಲಿ ಹುಟ್ಟಿದ ಬಿಸಿ ಹೊರಹೋಗಲು ಬೇಸಿಗೆಯ ಗೋಡೆ ಬಿಡುವುದಿಲ್ಲ.

ಹಾಗಾಗಿ ಬೇಸಿಗೆಗೆ ಮುನ್ನ ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್, ಅರ್ತಿಂಗ್, ಎಂಸಿಬಿ (ಹೆಚ್ಚು ವಿದ್ಯುತ್ ಹರಿದರೆ ತಾನೇ ಆರುವ ಸ್ವಿಚ್) ಮೂರನ್ನೂ ನೋಡಿಸಿ, ಸ್ಕ್ರೂಗಳನ್ನು ಬಿಗಿ ಮಾಡಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಚಾರ್ಜ್ ಶುರುವಾದ ಒಂದು ಗಂಟೆಯ ನಂತರ ಪ್ಲಗ್‌ನ ಹೊರಮೈ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಎಂಸಿಬಿಯಲ್ಲೇ ಆರಿಸಿ. ಕಾರಿನಲ್ಲಿ ಆಂಪಿಯರ್ ಇಳಿಸುವ ಆಯ್ಕೆ ಇದ್ದರೆ ಬಳಸಿ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣ. 16ರಿಂದ 12 ಆಂಪಿಯರ್‌ಗೆ ಇಳಿಸಿದರೆ ಚಾರ್ಜಿಂಗ್ ಕಾಲು ಭಾಗ ಮಾತ್ರ ನಿಧಾನವಾಗುತ್ತದೆ, ಬಿಸಿ ಮಾತ್ರ ಶೇ 56ಕ್ಕೆ ಇಳಿಯುತ್ತದೆ.

ಫಾಸ್ಟ್ ಚಾರ್ಜರ್ ಬೇಕಾದಾಗ ಬಳಸಿ, ಹೆದರಬೇಕಿಲ್ಲ. ಹೆದ್ದಾರಿಯಲ್ಲಿ ವೇಗವಾಗಿ ಬಂದು ನೇರವಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಚುಚ್ಚಿದರೆ ಬ್ಯಾಟರಿ ಆಗಲೇ ಕಾದಿರುತ್ತದೆ, ಕಾರು ತನ್ನನ್ನು ಕಾಪಾಡಿಕೊಳ್ಳಲು ಚಾರ್ಜಿಂಗ್ ವೇಗವನ್ನು ತಾನೇ ತಗ್ಗಿಸುತ್ತದೆ. ಚಾರ್ಜರ್ ಕೆಟ್ಟಿದೆ ಎಂದು ಬೈದುಕೊಳ್ಳುವ ಮೊದಲು ಇದನ್ನು ನೆನಪಿಡಿ. ಕೊನೆಯ ಹತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ, ನೆರಳಿರುವ ಚಾರ್ಜರ್ ಆರಿಸಿಕೊಳ್ಳಿ, ಶೇ 80 ಆದ ಮೇಲೆ ಹೊರಟುಬಿಡಿ. ಕಾರು ನಿಲ್ಲಿಸಿದ ಮೇಲೂ, ಚಾರ್ಜ್ ಆಗುವಾಗಲೂ ಮುಂದಿನ ಫ್ಯಾನ್ ಗುಯ್ಯೆಂದು ಜೋರಾಗಿ ತಿರುಗಿದರೆ ಗಾಬರಿ ಬೇಡ. ಅದು ಬ್ಯಾಟರಿ ತಣ್ಣಗಾಗುತ್ತಿರುವ ಸದ್ದು.

ನಿಲ್ಲಿಸುವ ಜಾಗ, ಒಳಗಿನ ಕಾವು

ನೆರಳು ಹುಡುಕಲು ಐದು ನಿಮಿಷ ಸುತ್ತಿದರೂ ಪರವಾಗಿಲ್ಲ. ಬೆಳಿಗ್ಗೆ ನೆರಳಿದ್ದ ಜಾಗ ಮಧ್ಯಾಹ್ನ ಎರಡಕ್ಕೆ ಬಿಸಿಲಾಗುವುದುಂಟು, ನೆರಳು ಯಾವ ಕಡೆ ಸರಿಯುತ್ತದೆ ಎಂದು ಒಂದು ದಿನ ಗಮನಿಸಿ. 40 ಡಿಗ್ರಿಯ ಆಸುಪಾಸಿನ ದಿನದಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಮುಂದಿನ ಗಾಜಿಗೆ ಹೊಳಪಿನ ಪರದೆ ಅಡ್ಡವಿಟ್ಟರೆ ಸ್ಟೀರಿಂಗ್ ಮುಟ್ಟುವಂತಿರುತ್ತದೆ, ಡ್ಯಾಶ್‌ಬೋರ್ಡಿನ ದೊಡ್ಡ ಸ್ಕ್ರೀನ್ ಕೂಡ ಉಳಿಯುತ್ತದೆ. ಪವರ್ ಬ್ಯಾಂಕ್, ಲೈಟರ್, ಸ್ಪ್ರೇ ಡಬ್ಬಿ ಒಳಗೆ ಬಿಡಬೇಡಿ. ಮಕ್ಕಳನ್ನು, ಸಾಕುಪ್ರಾಣಿಗಳನ್ನು ಎಸಿ ಹಾಕಿದ ಕಾರಿನಲ್ಲೂ ಒಂಟಿಯಾಗಿ ಬಿಡಬೇಡಿ. ಎಸಿ ತಾನಾಗಿ ನಿಂತುಹೋದರೆ ಒಳಗಿನವರಿಗೆ ಏನೂ ಮಾಡಲಾಗದು.

ಹೊರಡುವ ಹತ್ತು ನಿಮಿಷ ಮೊದಲು, ಪ್ಲಗ್ ಇನ್ನೂ ಚುಚ್ಚಿರುವಾಗಲೇ, ಆ್ಯಪ್‌ನಿಂದ ಎಸಿ ಹಾಕಿ. ಕಾದ ಕಾರನ್ನು ತಂಪು ಮಾಡುವ ಮೊದಲ ಕೆಲವು ನಿಮಿಷ ಎಸಿ ಮೂರ್ನಾಲ್ಕು ಕಿಲೋವಾಟ್ ಎಳೆಯಬಹುದು. ಆ ವಿದ್ಯುತ್ತು ಗೋಡೆಯಿಂದ ಬಂದರೆ ಬ್ಯಾಟರಿಯದು ಉಳಿಯಿತು. ಪ್ಲಗ್ ಇಲ್ಲದ ಕಡೆ ಎಲ್ಲ ಬಾಗಿಲು ತೆರೆದು ಬಿಸಿಗಾಳಿ ಹೊರಹಾಕಿ ಆಮೇಲೆ ಎಸಿ ಹಾಕಿ.

ರೇಂಜ್ ಬಗ್ಗೆ ಇರುವ ಭಯ ಇರಬೇಕಾದುದಕ್ಕಿಂತ ಹೆಚ್ಚು. ಅಮೆರಿಕದ ವಾಹನ ಸಂಘ ಎಎಎ 2019ರಲ್ಲಿ ಐದು ಇವಿಗಳನ್ನು ಪರೀಕ್ಷಿಸಿದಾಗ 35 ಡಿಗ್ರಿಯಲ್ಲಿ ಎಸಿ ಹಾಕಿ ಓಡಿಸಿದರೆ ರೇಂಜ್ ಸರಾಸರಿ ಶೇ 17 ಇಳಿದಿತ್ತು. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಹೀಟರ್ ಹಾಕಿದಾಗ ಇಳಿದದ್ದು ಶೇ 41. ಒಮ್ಮೆ ತಂಪಾದ ಕಾರಿಗೆ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ ಎಂದುಕೊಳ್ಳಿ. 60 ಕಿ.ಮೀ. ವೇಗದಲ್ಲಿ ಹೋಗುವ ಕಾರು ಆ ಒಂದು ಗಂಟೆಯಲ್ಲಿ ಓಟಕ್ಕೇ ಒಂಬತ್ತು ಯೂನಿಟ್ ಬಳಸುವಾಗ ಇದು ಲೆಕ್ಕಕ್ಕೆ ಬಾರದು. ಅದೇ ಕಾರು ದಟ್ಟಣೆಯಲ್ಲಿ ತೆವಳುತ್ತ ಗಂಟೆಗೆ ಎರಡೇ ಯೂನಿಟ್ ಬಳಸುವಾಗ ಎಸಿಯ ಪಾಲು ಮೂರನೆಯ ಒಂದು ಭಾಗವಾಗುತ್ತದೆ. ಬೆವರುತ್ತ ಓಡಿಸಿ ಎಂದು ನಾನು ಹೇಳಲಾರೆ, ಅದು ಸುರಕ್ಷಿತವೂ ಅಲ್ಲ. 24-25 ಡಿಗ್ರಿಗೆ ಇಟ್ಟು ಒಳಗಿನ ಗಾಳಿಯೇ ಸುತ್ತುವಂತೆ ಮಾಡಿ.

ಟೈರು ಮತ್ತು ಸಣ್ಣ ಬ್ಯಾಟರಿ

ಉಷ್ಣಾಂಶ 10 ಡಿಗ್ರಿ ಏರಿದರೆ ಟೈರಿನ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐ ಏರುತ್ತದೆ. ಗಾಳಿ ಪರೀಕ್ಷಿಸಬೇಕಾದದ್ದು ಬೆಳಿಗ್ಗೆ, ಕಾರು ಓಡುವ ಮುನ್ನ. ಓಡಿ ಕಾದ ಟೈರಿನಿಂದ ಗಾಳಿ ಬಿಡಬೇಡಿ. ತಣ್ಣಗಾದಾಗ ಒತ್ತಡ ತೀರ ಕಡಿಮೆಯಾಗಿ, ಬ್ಯಾಟರಿಯ ಭಾರ ಹೊತ್ತ ಟೈರು ಇನ್ನಷ್ಟು ಮಡಚಿಕೊಂಡು ಮತ್ತೂ ಕಾಯುತ್ತದೆ.

12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಮರೆಯುವವರೇ ಹೆಚ್ಚು. ಅದು ಕೈಕೊಟ್ಟರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಸೀಸ-ಆಮ್ಲದ ಬಗೆಯದಾಗಿದ್ದು ಮೂರು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ.

ಸ್ಕೂಟರ್ ಇದ್ದವರಿಗೆ

ಬ್ಯಾಟರಿ ಕೈಯಲ್ಲಿ ತೆಗೆಯಬಹುದಾದದ್ದಾದರೆ ಸ್ಕೂಟರ್ ಬಿಸಿಲಲ್ಲಿ ಬಿಟ್ಟು ಬ್ಯಾಟರಿ ಒಳಗೆ ತನ್ನಿ. ಓಡಿಸಿ ಬಂದ ಮೇಲೆ ಮುಕ್ಕಾಲು ಗಂಟೆ ತಣ್ಣಗಾಗಲು ಬಿಟ್ಟು ಆಮೇಲೆ ಚಾರ್ಜ್‌ಗೆ ಹಾಕಿ. ಹಾಸಿಗೆಯ ಮೇಲೆ, ಪರದೆಯ ಪಕ್ಕ, ಮನೆಯಿಂದ ಹೊರಹೋಗುವ ಬಾಗಿಲಿನ ಬಳಿ ಬೇಡ. ಚಾರ್ಜರ್ ಅದೇ ಕಂಪನಿಯದಿರಲಿ. ಸ್ಕೂಟರಾಗಲಿ ಕಾರಾಗಲಿ, ಬ್ಯಾಟರಿ ಉಬ್ಬಿದರೆ, ಹಿಸ್ಸೆಂಬ ಸದ್ದು, ವಿಚಿತ್ರ ಸಿಹಿ ವಾಸನೆ ಅಥವಾ ಹೊಗೆ ಬಂದರೆ ನೀವೇ ಆರಿಸಲು ಹೋಗದೆ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಿರಿ.

ಹಲವು ದಿನ ಊರಿನಲ್ಲಿ ಇರದಿದ್ದರೆ

ಹೊರಡುವ ಹಿಂದಿನ ದಿನ ಚಾರ್ಜ್ ಶೇ 50ರ ಸುತ್ತ ಇರುವಂತೆ ನೋಡಿ, ಕಾರನ್ನು ನೆರಳಿಗೆ ತಂದು ನಿಲ್ಲಿಸಿ. ಕೂಲೆಂಟ್ ವ್ಯವಸ್ಥೆಯಿರುವ ಕಾರಾದರೆ, ಕೈಪಿಡಿ ಹಾಗೆ ಹೇಳಿದ್ದರೆ, ಮಿತಿಯನ್ನು ಶೇ 50ಕ್ಕೆ ಇಟ್ಟು ಪ್ಲಗ್ ಚುಚ್ಚಿಯೇ ಬಿಡಬಹುದು. ತಂಪು ಮಾಡಿಕೊಳ್ಳಲು ಬೇಕಾದ ವಿದ್ಯುತ್ತನ್ನು ಅದು ಗೋಡೆಯಿಂದ ಪಡೆಯುತ್ತದೆ. ಕ್ಯಾಮೆರಾ ಕಾವಲು, ಒಳಗಿನ ತಂಪು ಕಾಯುವ ಸೌಲಭ್ಯಗಳನ್ನು ಬಂದ್ ಮಾಡಿ, ಅವು ಸದ್ದಿಲ್ಲದೆ ಚಾರ್ಜ್ ತಿನ್ನುತ್ತವೆ. ಆ್ಯಪ್ ತೆರೆದು ಪದೇಪದೇ ನೋಡುತ್ತಿದ್ದರೆ ಪ್ರತಿ ಸಲವೂ ಕಾರು ನಿದ್ದೆಯಿಂದ ಏಳುತ್ತದೆ, ವಾರಕ್ಕೊಮ್ಮೆ ನೋಡಿದರೆ ಸಾಕು.