ಕೃಷ್ಣೆಯ ಹಿನ್ನೀರಿನಲ್ಲಿ ಎರಡು ದಿನ

ಮೊದಲು ನಾವು ಹಾಕಿದ ಪ್ಲಾನ್ ಭಾರೀ ದೊಡ್ಡದಿತ್ತು. ಚಿಕ್ಕೋಡಿ ಕಡೆ ಯಡೂರಿನಲ್ಲಿ ವೀರಭದ್ರನಿಗೆ ಕಾಯಿ ಒಡೆದು ದೋಣಿ ಹತ್ತೋದು, ಕೃಷ್ಣೆಯ ಜೊತೆ ತೇಲುತ್ತಾ ಕೂಡಲಸಂಗಮಕ್ಕೆ ಹೋಗಿ ಇಳಿಯೋದು. ನಾವು ನಾಲ್ಕು ಜನ. ಒಬ್ಬ ಸಾಲಿ ಮಾಸ್ತರ, ಒಬ್ಬ ಬ್ಯಾಂಕಿನವ, ಒಬ್ಬ ಬಾಗಲಕೋಟೆ ನವನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟವ, ಮತ್ತೆ ನಾನು. ಈಜು ಸರಿಯಾಗಿ ಬರುತ್ತಿದ್ದದ್ದು ಇಬ್ಬರಿಗೆ ಮಾತ್ರ.

ದೋಣಿ ಕೊಡುತ್ತೇನೆಂದ ಕಾಕಾ ಗಲಗಲಿ ಕಡೆಯವರು, ಮೀನು ಹಿಡಿಯುವವರು. ನಮ್ಮ ಪ್ಲಾನ್ ಕೇಳಿ ಬೆರಳು ಮಡಚಿ ಎಣಿಸಿದರು. "ಹಿಪ್ಪರಗಿ ಬ್ಯಾರೇಜ್ ಒಂದು. ಚಿಕ್ಕಪಡಸಲಗಿ ಎರಡು. ಆಲಮಟ್ಟಿ ಡ್ಯಾಮ್ ಮೂರು. ಮೂರು ಕಡೆ ದೋಣಿ ಹೊತ್ಕೊಂಡು ದಾಟಬೇಕು. ಹೊರತೀರೇನು?" ನಾವು ಸುಮ್ಮನೆ ಕೂತೆವು. "ಮತ್ತ ಹರಿವು ಒಯ್ತೈತಿ ಅಂತೀರಿ. ಎಲ್ಲಿ ಹರಿವೋ ತಮ್ಮಾ? ನೀರು ನಿಂತೈತಿ."

ಈ ಮಾತು ಮೊದಲೇ ತಲೆಗೆ ಹೋಗಿದ್ದರೆ ಎಷ್ಟೋ ತೊಂದರೆ ತಪ್ಪುತ್ತಿತ್ತು. ನಕ್ಷೆಯಲ್ಲಿ ಕೃಷ್ಣೆ ಹರಿಯುವ ಹೊಳೆ. ಗಲಗಲಿಯಿಂದ ಕೆಳಗೆ ಮಾತ್ರ ಅದು ಕೆರೆ ಇದ್ದಂತೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು 519.60 ಮೀಟರ್ ಮಟ್ಟಕ್ಕೆ ತುಂಬಿದರೆ 123 ಟಿಎಂಸಿ ನೀರು ಹಿಂದಕ್ಕೆ ಹರಡಿಕೊಳ್ಳುತ್ತದೆ. ಮಳೆಗಾಲದ ಹೊಳೆಯಲ್ಲಿ ಸೆಳವಿನ ಅಂಜಿಕೆ. ಹಿನ್ನೀರಿನಲ್ಲಿ ಸೆಳವಿಲ್ಲ, ಗಾಳಿಯದೇ ಕಾರುಬಾರು.

ಕೊನೆಗೆ ಗಲಗಲಿಯಿಂದ ಕೊಲ್ಹಾರ ಸೇತುವೆವರೆಗೆ, ಎರಡು ದಿನ ಎಂದು ಮಾತಾಯಿತು. ಕಾಕಾ ತಾವೂ ಬರುತ್ತೇನೆಂದರು. ದುಡ್ಡಿನ ಮಾತು ತೆಗೆದರೆ, "ಪೆಟ್ರೋಲ್ ಹಾಕ್ಸ್ರಿ ಸಾಕು" ಅಂದರು. ಅಣೆಕಟ್ಟಿನ ಹತ್ತಿರ ಬಂದೋಬಸ್ತ್ ಇರುತ್ತದೆ, ಆ ಕಡೆ ಹೋಗುವ ಆಸೆ ಬಿಟ್ಟೆವು. ಪೊಲೀಸ್ ಠಾಣೆಗೂ ಹೋಗಿ ಹೇಳಿ ಬಂದೆವು.

ಸಂಕ್ರಾಂತಿ ಮುಗಿದ ಮುಂದಿನ ವಾರ ಹೊರಟೆವು. ಆಗ ನೀರು ಇನ್ನೂ ಜಾಸ್ತಿ ಇರುತ್ತದೆ, ಬಿಸಿಲು ಕಡಿಮೆ. ಏಪ್ರಿಲ್-ಮೇನಲ್ಲಿ ನೀರು ಇಳಿದಾಗ ಮುಳುಗಿದ ಜಾಲಿ ಗಿಡ, ಹಳೆ ಗೋಡೆ, ಬಾವಿಕಟ್ಟೆ ಎಲ್ಲ ಮೇಲೆದ್ದು ದೋಣಿಯ ಹೊಟ್ಟೆಗೇ ಬಡಿಯುತ್ತವೆ.

ದೋಣಿ ಹದಿನೆಂಟು ಅಡಿಯ ಫೈಬರ್. ಹಿಂದೆ ಸಣ್ಣ ಪೆಟ್ರೋಲ್ ಮೋಟಾರು, ಜೊತೆಗೆ ಎರಡು ಹುಟ್ಟು, ಒಂದು ಬಿದಿರಿನ ಗಳ. ಹಾಸಿಗೆ, ಬಟ್ಟೆ, ಮೊಬೈಲ್ ಎಲ್ಲವನ್ನೂ ಮುಚ್ಚಳದ ನೀಲಿ ಡ್ರಮ್ಮಿಗೆ ತುಂಬಿ ದೋಣಿಯ ನಡುವೆ ಹಗ್ಗದಿಂದ ಕಟ್ಟಿದೆವು. ಕುಡಿಯುವ ನೀರು ಮೂರು ಕ್ಯಾನ್. ಬುತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ. ಕಟಕ್ ರೊಟ್ಟಿ ವಾರವಾದರೂ ಕೆಡುವುದಿಲ್ಲ, ಆದರೆ ಒಂದು ಸಲ ನೀರು ಬಿತ್ತೆಂದರೆ ಮುಗಿಯಿತು. ಅದಕ್ಕೂ ಬೇರೆ ಡಬ್ಬಿ ಬೇಕು. ಲೈಫ್ ಜಾಕೆಟ್ ಬಾಡಿಗೆಗೆ ತಂದಿದ್ದೆವು. ದಂಡೆಯಲ್ಲಿ ಹಾಕಿಕೊಂಡು ನೋಡಿದರೆ ಎರಡರ ಬಕಲ್ ಮುರಿದಿತ್ತು. ಕೊಟ್ಟವನಿಗೆ ಫೋನ್ ಮಾಡಿದರೆ, "ಹಗ್ಗ ಕಟ್ಕೊಳ್ರಿ" ಅಂದ. ಕಟ್ಟಿಕೊಂಡೆವು. ನೀವು ಹೋದರೆ ಅಂಗಡಿಯಲ್ಲೇ ಹಾಕಿ, ಬಕಲ್ ಎಳೆದು ನೋಡಿ ತನ್ನಿ.

ಬೆಳಿಗ್ಗೆ ಆರೂವರೆಗೆ ದೋಣಿ ಬಿಟ್ಟಾಗ ನೀರು ಎಣ್ಣೆಯ ಹಾಗೆ ನಿಂತಿತ್ತು. ಎರಡೂ ದಂಡೆಯಲ್ಲಿ ಕಬ್ಬು. ಪಂಪ್‌ಸೆಟ್ಟಿನ ಪೈಪುಗಳು ದಂಡೆಯಿಂದ ನೀರಿಗೆ ಇಳಿದಿದ್ದವು. ದಂಡೆಗೆ ಹತ್ತಿರ ಹೋದರೆ ಈ ಪೈಪು ಮೋಟಾರಿಗೆ ಬಡಿಯುತ್ತದೆ, ನಡುವೆ ಹೋದರೆ ಗಾಳಿ ಹೊಡೆಯುತ್ತದೆ. ಕಾಕಾ ಇವೆರಡರ ನಡುವಿನ ಒಂದು ಗೆರೆ ಹಿಡಿದಿದ್ದರು, ಅದು ನಮ್ಮ ಕಣ್ಣಿಗಂತೂ ಕಾಣಲಿಲ್ಲ.

ಹತ್ತು ಗಂಟೆಗೆ ಗಾಳಿ ಬಂತು. ಚಳಿಗಾಲದಲ್ಲಿ ನಮ್ಮ ಕಡೆ ಮೂಡಣ ಗಾಳಿ. ನಾವು ಹೊರಟಿದ್ದೂ ಮೂಡಣಕ್ಕೇ. ಅರ್ಧ ಗಂಟೆಯಲ್ಲಿ ನೀರೆಲ್ಲ ಗುಡ್ಡ ಗುಡ್ಡವಾಯಿತು. ಪ್ರತಿ ತೆರೆಗೂ ದೋಣಿಯ ಮೂತಿ ಮೇಲೆದ್ದು ಧಪ್ಪೆಂದು ಬೀಳುತ್ತಿತ್ತು. ಮಾಸ್ತರ ಫೋಟೋ ತೆಗೆಯಲು ಎದ್ದು ನಿಂತ. ಕಾಕಾ ಮೊದಲ ಸಲ ದನಿ ಏರಿಸಿದರು: "ಕುಂಡ್ರೋ ತಮ್ಮಾ! ಹಲಗಿ ಮ್ಯಾಲಲ್ಲ, ತಳದಾಗ!" ಎಲ್ಲರೂ ತಳದ ನೀರಿನಲ್ಲೇ ಕೂತೆವು. ಭಾರ ಕೆಳಗಿದ್ದಷ್ಟು ದೋಣಿ ಕಡಿಮೆ ಹೊಯ್ದಾಡುತ್ತದೆ. ತೆರೆಗೆ ಪಕ್ಕ ಕೊಡಬಾರದು. ಪೂರ್ತಿ ಎದುರೂ ಹೋಗಬಾರದು. ಸ್ವಲ್ಪ ಓರೆಯಾಗಿ ಏರಿಸಿ ಇಳಿಸಬೇಕು. ನನ್ನ ಕೈಗೆ ಮೋಟಾರಿನ ಹಿಡಿಕೆ ಕೊಟ್ಟು ಹತ್ತು ನಿಮಿಷ ಕಲಿಸಿದರು. ಹತ್ತೇ ನಿಮಿಷಕ್ಕೆ ಭುಜ ನೋವು ಹಿಡಿಯಿತು.

ಅಷ್ಟರಲ್ಲಿ ಮೋಟಾರು ಕುಂಯ್ ಎಂದು ನಿಂತಿತು. ಫ್ಯಾನಿಗೆ ಬಲೆ. ಬಲೆಗೆ ಕಟ್ಟಿದ್ದ ಥರ್ಮಾಕೋಲ್ ತುಂಡುಗಳು ತೆರೆಯ ಮರೆಯಲ್ಲಿ ನಮಗೆ ಕಂಡಿರಲಿಲ್ಲ. ಬ್ಯಾಂಕಿನವ ಚೀಲದಿಂದ ಚಾಕು ತೆಗೆದ. ಕಾಕಾ ಅವನ ಕೈ ಹಿಡಿದರು. "ಕೊಯ್ಯಬ್ಯಾಡ. ಯಾರದೋ ಹೊಟ್ಟಿ ಅದು." ಮೋಟಾರನ್ನು ಮೇಲೆತ್ತಿ, ದೋಣಿಯ ಹಿಂಬದಿಗೆ ಬಗ್ಗಿ, ಫ್ಯಾನನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತಾ ಒಂದೊಂದೇ ಸುತ್ತು ಬಿಚ್ಚಿದರು. ನೈಲಾನ್ ಎಳೆ ಕೂದಲಿಗಿಂತ ತುಸು ದಪ್ಪ. ಮಂಡಿ ಹರವಿ ಕೂತು, ಕಣ್ಣು ಕಿರಿದು ಮಾಡಿ, ಹೆಣ್ಣುಮಕ್ಕಳು ಜಡೆ ಸಿಕ್ಕು ಬಿಡಿಸುವ ಹಾಗೆ. ನಾವು ಇಬ್ಬಿಬ್ಬರು ಹುಟ್ಟು ಹಾಕುತ್ತಾ ದೋಣಿಯ ಮೂತಿಯನ್ನು ಗಾಳಿಗೆ ಹಿಡಿದಿದ್ದೆವು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಬಲೆಯ ಎರಡು ಕಣ್ಣಷ್ಟೇ ಹರಿದಿತ್ತು. ಒಳಗೆ ಸಿಕ್ಕಿದ್ದ ಮೀನನ್ನು ಅಲ್ಲೇ ಬಿಟ್ಟು, ಬಲೆಯನ್ನು ನೀರಿಗೆ ಇಳಿಸಿದರು.

ಆಮೇಲೆ ನಾವು ಗಾಳಿಯ ಜೊತೆ ಜಗಳ ಬಿಟ್ಟೆವು. ಹತ್ತರಿಂದ ನಾಲ್ಕರವರೆಗೆ ದಂಡೆ, ನಾಲ್ಕರ ಮೇಲೆ ನೀರು.

ರಾತ್ರಿ ಎಡದಂಡೆಯಲ್ಲಿ, ಕಾಕಾನ ಪರಿಚಯದವರ ತೋಟದ ಮನೆಯ ಪಡಸಾಲೆಯಲ್ಲಿ ಮಲಗಿದೆವು. ನದಿ ದಂಡೆಯ ಮರಳಿನಲ್ಲಿ ಟೆಂಟ್ ಹಾಕುವ ಆಸೆ ಇತ್ತು. ಕೃಷ್ಣೆಯಲ್ಲಿ ಮೊಸಳೆ ಇವೆ, ಸುಮ್ನೆ ಹೇಳುವ ಮಾತಲ್ಲ. ದಂಡೆಯ ಕೆಸರಿನಲ್ಲಿ ಬಾಲ ಎಳೆದ ಗುರುತನ್ನು ಕಾಕಾ ಸಂಜೆಯೇ ತೋರಿಸಿದ್ದರು. ಅದನ್ನು ಕಂಡ ಮೇಲೆ ಸ್ಟುಡಿಯೋದವ ಕೈ ತೊಳೆಯಲೂ ನೀರಿಗೆ ಇಳಿಯಲಿಲ್ಲ. ನಡುರಾತ್ರಿ ತ್ರೀಫೇಸ್ ಕರೆಂಟ್ ಬಂತು. ದಂಡೆಯ ಉದ್ದಕ್ಕೂ ಮೋಟಾರುಗಳು ಒಂದರ ಹಿಂದೆ ಒಂದು ಶುರುವಾದವು. ಮನೆಯವರು ಎದ್ದು ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಬಿಡಲು ಹೋದರು. ನಮ್ಮ ನಿದ್ದೆ ಅಲ್ಲಿಗೆ ಮುಗಿಯಿತು.

ಮರುದಿನ ನಸುಕಿನಲ್ಲಿ ಒಂದು ಕಡೆ ಕಾಕಾ ಮೋಟಾರು ಬಂದ್ ಮಾಡಿ ಗಳ ಇಳಿಸಿದರು. ಗಳ ಪೂರ್ತಿ ಮುಳುಗಿದರೂ ತಳ ಸಿಗಲಿಲ್ಲ. "ಇಲ್ಲೇ ನಮ್ಮ ಮಾವನ ಹೊಲ ಇತ್ತು" ಅಂದರು. ಹಳೆ ಬಾಗಲಕೋಟೆ, ಹಳೆ ಕೊಲ್ಹಾರ ಮುಳುಗಿದ ಕತೆ ಎಲ್ಲರಿಗೂ ಗೊತ್ತು, ಒಂದು ಹೊಲದ ಕತೆ ಯಾರೂ ಕೇಳಿರುವುದಿಲ್ಲ. ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ 2010ರ ತೀರ್ಪಿನ ಪ್ರಕಾರ ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸಬಹುದು. ಹಾಗಾದರೆ ರಾತ್ರಿ ಮಲಗಿದ್ದ ಪಡಸಾಲೆ ಉಳಿಯುತ್ತದಾ ಎಂದು ಬ್ಯಾಂಕಿನವ ಕೇಳಿದ. ಕಾಕಾ ಉತ್ತರ ಕೊಡದೆ ಮೋಟಾರಿನ ಹಗ್ಗ ಎಳೆದರು.

ಕೊಲ್ಹಾರ ಸೇತುವೆ ಕಂಡ ಮೇಲೆ ಬಂದೇ ಬಿಟ್ಟಿತು ಅಂದುಕೊಂಡೆವು. ಬಯಲು ನೀರಿನಲ್ಲಿ ದೂರ ತಿಳಿಯುವುದಿಲ್ಲ. ಲಾರಿಗಳು ಕಡ್ಡಿಪೆಟ್ಟಿಗೆಯ ಹಾಗೆ ಸಾಲಾಗಿ ಹರಿದಾಡುತ್ತಲೇ ಇದ್ದವು, ಸೇತುವೆ ಮಾತ್ರ ಹತ್ತಿರ ಬರಲೊಲ್ಲದು. ಗಾಳಿ ಏಳುವ ಮೊದಲು ಮುಟ್ಟಬೇಕಿತ್ತು. ಮುಟ್ಟಿದಾಗ ಹತ್ತೂವರೆ, ಎಲ್ಲರ ಬೆನ್ನೂ ಒದ್ದೆ.

ದಂಡೆ ಹತ್ತಿ ಮೊದಲು ಮಾಡಿದ ಕೆಲಸ ಮೊಸರು. ಕೊಲ್ಹಾರದ ಗಡಿಗೆ ಮೊಸರು ಚಮಚ ಹಾಕಿದರೆ ಗೆಣಸಿನ ಹಾಗೆ ತುಂಡಾಗಿ ಬರುತ್ತದೆ. ಉಳಿದ ಸಜ್ಜೆ ರೊಟ್ಟಿ ಮುರಿದು ಅದರಲ್ಲೇ ಅದ್ದಿ ತಿಂದೆವು. ದೋಣಿಯನ್ನು ವಾಪಸ್ ಒಯ್ಯಲು ಟೆಂಪೋ ಹೇಳಿಡಲೇ ಎಂದು ಕೇಳಿದೆ. ಕಾಕಾ ಬೆರಳಿಗೆ ಹತ್ತಿದ ಮೊಸರು ನೆಕ್ಕಿ, ನೀರಿನ ಕಡೆ ನೋಡಿದರು.

"ಟೆಂಪೋ ಯಾಕ ಬೇಕು? ಈಗ ಗಾಳಿ ನನ್ನ ಬೆನ್ನಿಗೈತಿ."