ಬೆಲ್‌ಫಾಸ್ಟ್ ಜೈಂಟ್ಸ್: ಊರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಐಸ್ ಹಾಕಿ ಮಾರ್ಗದರ್ಶಿ

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಮನೆ ಸಿಕ್ಕಿತು, ಜಿಪಿ ಎನ್ನುವ ಮನೆವೈದ್ಯರ ಹತ್ತಿರ ಹೆಸರು ಬರೆಸಿಯಾಯಿತು, ಮಕ್ಕಳು ಶಾಲೆಗೆ ಹೊಂದಿಕೊಂಡರು. ಅಷ್ಟರಲ್ಲಿ ನವೆಂಬರ್ ಬರುತ್ತದೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ವಾರಾಂತ್ಯದಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಹೊಸದಾಗಿ ಬಂದವರೆಲ್ಲ ನಮ್ಮ ಸಂಘದಲ್ಲಿ ಕೇಳುತ್ತಾರೆ. ಚಳಿಗಾಲಕ್ಕೆ ನಾವು ಮೊದಲು ಹೇಳುವ ಜಾಗ ಲಗಾನ್ ನದಿಯ ದಡದ ಎಸ್‌ಎಸ್‌ಇ ಅರೀನಾ. ಬೆಲ್‌ಫಾಸ್ಟ್ ಜೈಂಟ್ಸ್ ಐಸ್ ಹಾಕಿ ತಂಡದ ತವರು ಅದು.

ಮೊದಲೇ ಒಂದು ಮಾತು. ಹಾಕಿ ಎಂದರೆ ನಮ್ಮ ಕಣ್ಣಿಗೆ ಕೊಡಗಿನ ಮೈದಾನ ಬರುತ್ತದೆ. ಇಲ್ಲಿನ ಶಾಲೆಗಳಲ್ಲೂ ಬರೀ 'ಹಾಕಿ' ಎಂದರೆ ಹುಲ್ಲಿನ ಮೇಲೆ ಅಥವಾ ಟರ್ಫ್ ಮೇಲೆ ಆಡುವ ನಮ್ಮ ಹಾಕಿಯೇ. ಶಾಲೆಯವರು ಕೊಡುವ ಪಟ್ಟಿಯಲ್ಲಿ ಹಾಕಿ ಸ್ಟಿಕ್ ಎಂದಿದ್ದರೆ ಐಸ್ ಹಾಕಿ ಕೋಲು ತಂದುಬಿಡಬೇಡಿ. ಇನ್ನೊಂದನ್ನು ಹೇಳುವಾಗ ಜನ ಪೂರ್ತಿಯಾಗಿ 'ಐಸ್ ಹಾಕಿ' ಎಂದೇ ಹೇಳುತ್ತಾರೆ.

ಈ ತಂಡ ಹುಟ್ಟಿದ್ದು ಹೇಗೆ

ಈ ಊರಿನಲ್ಲಿ ಬಟ್ಟೆಯ ಬಣ್ಣಕ್ಕೂ ಅರ್ಥವಿದೆ. ಗ್ಲಾಸ್ಗೋದ ರೇಂಜರ್ಸ್ ಫುಟ್‌ಬಾಲ್ ತಂಡದ ನೀಲಿ ಅಂಗಿ ತೊಟ್ಟವರನ್ನು ಪ್ರಾಟೆಸ್ಟೆಂಟರೆಂದೂ ಸೆಲ್ಟಿಕ್ ತಂಡದ ಹಸಿರು ತೊಟ್ಟವರನ್ನು ಕ್ಯಾಥೊಲಿಕರೆಂದೂ ನೋಡಿದ ಕೂಡಲೇ ಲೆಕ್ಕ ಹಾಕುತ್ತಾರೆ. ಓದಿದ ಶಾಲೆ ಯಾವುದು ಎಂಬ ಪ್ರಶ್ನೆಯ ಹಿಂದೆಯೂ ಎಷ್ಟೋ ಸಲ ಇದೇ ಲೆಕ್ಕ ಇರುತ್ತದೆ. 1998ರ ಏಪ್ರಿಲ್‌ನಲ್ಲಿ ಗುಡ್ ಫ್ರೈಡೇ ಒಪ್ಪಂದವಾಗಿ ಈ ಎರಡು ಪಂಗಡಗಳ ನಡುವಿನ ದಶಕಗಳ ಹಿಂಸೆ ತಗ್ಗಿದ ಮೇಲೆ, ಹೊಸ ಸಹಸ್ರಮಾನದ ಯೋಜನೆಯಾಗಿ ನದಿಯ ಪೂರ್ವ ದಡದಲ್ಲಿ ಒಡಿಸ್ಸಿ ಎಂಬ ಒಳಾಂಗಣ ಕ್ರೀಡಾಂಗಣ ಎದ್ದಿತು. ಅದರಲ್ಲಿ ಆಡಲೆಂದೇ 2000ದಲ್ಲಿ ಜೈಂಟ್ಸ್ ತಂಡವನ್ನು ಕಟ್ಟಿದರು. ಐಸ್ ಹಾಕಿಯನ್ನೇ ಆರಿಸಿಕೊಂಡಿದ್ದರಲ್ಲಿ ಅರ್ಥವಿತ್ತು: ಇಲ್ಲಿ ಯಾವ ಪಂಗಡವೂ ಅದನ್ನು ತನ್ನ ಆಟ ಎಂದು ಹೇಳಿಕೊಂಡಿರಲಿಲ್ಲ.

ಹೆಸರೂ ಹಾಗೆಯೇ, ಎಲ್ಲರಿಗೂ ಸೇರಿದ್ದು. ಉತ್ತರ ಕರಾವಳಿಯ ಜೈಂಟ್ಸ್ ಕಾಸ್‌ವೇ ಬಂಡೆಗಳನ್ನು ಫಿನ್ ಮೆಕೂಲ್ ಎಂಬ ದೈತ್ಯ ಜೋಡಿಸಿದ ಎಂಬ ಹಳೆಯ ಕತೆಯಿಂದ ಬಂದದ್ದು. ಬಣ್ಣಕ್ಕೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಟೀಲ್ ಬಂತು. 'ದೈತ್ಯರ ನಾಡಿನಲ್ಲಿ ಎಲ್ಲರೂ ಸಮಾನರು' ಎಂಬುದು ತಂಡದ ಘೋಷವಾಕ್ಯ. ಅದು ಗೋಡೆಯ ಮೇಲಷ್ಟೇ ಉಳಿಯಬಾರದೆಂದು ಒಂದು ನಿಯಮವನ್ನೂ ಮಾಡಿದರು: ಫುಟ್‌ಬಾಲ್ ತಂಡಗಳ ಅಂಗಿ ತೊಟ್ಟು ಒಳಗೆ ಬರುವಂತಿಲ್ಲ.

ಹೊಸಬರು ಎಡವುವುದು ಇಲ್ಲೇ. ಗೆಳೆಯರು ಉಡುಗೊರೆ ಕೊಟ್ಟ ಫುಟ್‌ಬಾಲ್ ಅಂಗಿಯನ್ನು ಆಟಕ್ಕೆ ಹೋಗುತ್ತಿದ್ದೇವಲ್ಲ ಎಂದು ಮಗುವಿಗೆ ತೊಡಿಸಿಬಿಡುತ್ತಾರೆ, ಬಾಗಿಲಲ್ಲಿ ತಡೆದಾಗ ಕಾರಣ ತಿಳಿಯದೆ ನೊಂದುಕೊಳ್ಳುತ್ತಾರೆ. ಆ ನಿಯಮ ನಮ್ಮ ಮೇಲಿನ ಅನುಮಾನದಿಂದ ಬಂದದ್ದಲ್ಲ. ಅದು ಇರುವುದರಿಂದಲೇ ಪಕ್ಕದ ಸೀಟಿನವರು ನಿಮ್ಮನ್ನು ಯಾವ ಕಡೆಯವರು ಎಂದು ಅಳೆಯುವುದಿಲ್ಲ. ಟೀಲ್ ಟೋಪಿಯೋ ಶಾಲೋ ಹಾಕಿಕೊಂಡು ಕೂತ ಯಾರೇ ಆದರೂ ಜೈಂಟ್ಸ್ ಕಡೆಯವರೇ. ಈ ನಗರದಲ್ಲಿ ಹೊಸಬರು ಇಷ್ಟು ಸಲೀಸಾಗಿ ಸೇರಿಕೊಳ್ಳಬಹುದಾದ ದೊಡ್ಡ ಗುಂಪು ಇನ್ನೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ.

ತಂಡ ಬೆಳೆದದ್ದು ನೇರ ದಾರಿಯಲ್ಲಲ್ಲ. ಕಟ್ಟಡ ಸಿದ್ಧವಾಗುವವರೆಗೆ ಮೊದಲ ಋತುವಿನ ಪಂದ್ಯಗಳನ್ನು ಪರಸ್ಥಳಗಳಲ್ಲೇ ಆಡಬೇಕಾಯಿತು. ತವರಿನ ಮೊದಲ ಪಂದ್ಯ ನಡೆದದ್ದು 2000ದ ಡಿಸೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ಏರ್ ತಂಡದ ಎದುರು. ಕೋಚ್ ಡೇವ್ ವಿಸಲ್ ಅವರ ಕೈಯಲ್ಲಿ ಎರಡನೇ ವರ್ಷಕ್ಕೇ, 2001–02ರಲ್ಲಿ, ಸೂಪರ್‌ಲೀಗ್ ಗೆದ್ದರು. 2003ರಲ್ಲಿ ಆ ಲೀಗೇ ಮುಳುಗಿತು. ಆಟಗಾರರ ಸಂಬಳ ಮತ್ತು ದೊಡ್ಡ ಅಖಾಡಗಳ ಬಾಡಿಗೆ ಟಿಕೆಟ್ ಹಣಕ್ಕಿಂತ ಹೆಚ್ಚಾಗಿ, ಮ್ಯಾಂಚೆಸ್ಟರ್ ಮತ್ತು ಸ್ಕಾಟಿಷ್ ತಂಡಗಳು ಋತುವಿನ ನಡುವೆಯೇ ಬಾಗಿಲು ಹಾಕಿದ್ದವು. ಜೈಂಟ್ಸ್ ಉಳಿದುಕೊಂಡು ಅದೇ ವರ್ಷ ಶುರುವಾದ ಎಲೀಟ್ ಲೀಗ್ ಸೇರಿತು. ಮುಂದೆ ಕ್ರೀಡಾಂಗಣದ ಒಡೆತನವಿರುವ ಒಡಿಸ್ಸಿ ಟ್ರಸ್ಟೇ ತಂಡವನ್ನೂ ವಹಿಸಿಕೊಂಡಿತು. ಬ್ರಿಟನ್ನಿನ ಐಸ್ ಹಾಕಿಯಲ್ಲಿ ಇದು ಸಣ್ಣ ಮಾತಲ್ಲ. ಬಾಡಿಗೆ ಕ್ರೀಡಾಂಗಣದಲ್ಲಿ ಆಡುವ ತಂಡಕ್ಕೆ ಸಂಗೀತ ಕಚೇರಿಯೊಂದು ಬಂದರೆ ದಿನಾಂಕವೂ ಹೋಗುತ್ತದೆ, ಆದಾಯವೂ ಹೋಗುತ್ತದೆ. ಮನೆಯೊಡೆಯನೂ ತಂಡದೊಡೆಯನೂ ಒಬ್ಬನೇ ಆದರೆ ಆ ತಿಕ್ಕಾಟ ಕಡಿಮೆ.

2005–06ರಲ್ಲಿ ಕೆನಡಾದ ಒಲಿಂಪಿಕ್ ಚಿನ್ನ ವಿಜೇತ ಥಿಯೋ ಫ್ಲೂರಿ ಇಲ್ಲಿ ಆಡಿದರು. ಮೊದಲ ಪಂದ್ಯದಲ್ಲೇ 3 ಗೋಲು ಹೊಡೆದು 4 ಗೋಲುಗಳಿಗೆ ನೆರವಾದರು. ಹಳೆಯ ಅಭಿಮಾನಿಗಳ ಜೊತೆ ಮಾತಿಗೆ ಕೂತರೆ ಈ ಹೆಸರು ಬಂದೇ ಬರುತ್ತದೆ. ಆ ವರ್ಷವೂ ಲೀಗ್ ಗೆದ್ದರು. 2010ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಟನ್ ಬ್ರೂಯಿನ್ಸ್ ಇಲ್ಲಿಗೆ ಬಂದು ಆಡಿತು, ಮರುವರ್ಷ ಅದೇ ತಂಡ ಉತ್ತರ ಅಮೆರಿಕದ ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಎತ್ತಿತು. ಬಾಸ್ಟನ್‌ನೊಂದಿಗಿನ ನಂಟಿನಿಂದಲೇ 2015ರಿಂದ ನವೆಂಬರ್ ಕೊನೆಯಲ್ಲಿ ಅಮೆರಿಕದ ಕಾಲೇಜು ತಂಡಗಳ 'ಫ್ರೆಂಡ್‌ಶಿಪ್ ಫೋರ್' ಪಂದ್ಯಾವಳಿ ಇಲ್ಲಿ ಶುರುವಾದದ್ದು.

ಆಡಂ ಕೀಫ್ ಮೊದಲು ತಂಡದ ನಾಯಕರಾಗಿದ್ದರು, 2017ರಲ್ಲಿ ಕೋಚ್ ಆದರು. 2018–19ರಲ್ಲಿ ಕಾರ್ಡಿಫ್ ಜೊತೆ ಅಂಕ ಸಮನಾದರೂ ನಿಗದಿತ ಅವಧಿಯೊಳಗೆ ಗೆದ್ದ ಪಂದ್ಯಗಳು ಹೆಚ್ಚಿದ್ದುದರಿಂದ ಲೀಗ್ ಬೆಲ್‌ಫಾಸ್ಟ್ ಪಾಲಾಯಿತು. 2022–23ರಲ್ಲಿ ಲೀಗ್, ಚಾಲೆಂಜ್ ಕಪ್, ಪ್ಲೇಆಫ್ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದರು. 2024–25ರಲ್ಲಿ ಮತ್ತೆ ಲೀಗ್ ಮತ್ತು ಕಪ್. ಇಲ್ಲಿ ಲೀಗ್ ಪಟ್ಟಿಯ ಅಗ್ರಸ್ಥಾನಕ್ಕೇ ಹೆಚ್ಚು ಬೆಲೆ. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದವರು ಪ್ಲೇಆಫ್ ಗೆದ್ದವರೇ ಚಾಂಪಿಯನ್ ಎಂದುಕೊಂಡಿರುತ್ತಾರೆ, ಅಷ್ಟು ತಿದ್ದಿಕೊಂಡರೆ ಸಾಕು.

ಮೊದಲ ಪಂದ್ಯಕ್ಕೆ ಹೊರಡುವಾಗ

ಋತು ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ. ತವರಿನ ಪಂದ್ಯಗಳು ಹೆಚ್ಚಾಗಿ ಶುಕ್ರವಾರ ಅಥವಾ ಶನಿವಾರ ಸಂಜೆ 7ಕ್ಕೆ, ಭಾನುವಾರವಾದರೆ 4ಕ್ಕೆ. ಎದುರಾಳಿಗಳೆಲ್ಲ ಸಮುದ್ರ ದಾಟಿ ಬರಬೇಕಾದ್ದರಿಂದ ಒಂದೇ ತಂಡದ ಜೊತೆ ಸತತ ಎರಡು ದಿನ ಆಡುವುದುಂಟು. ಚಿಕ್ಕ ಮಕ್ಕಳಿರುವವರಿಗೆ ಭಾನುವಾರವೇ ಸರಿ. ಗಡಿಯಾರದಲ್ಲಿ 20 ನಿಮಿಷದ ಮೂರು ಅವಧಿ ಇದ್ದರೂ ಆಟ ನಿಂತಾಗಲೆಲ್ಲ ಗಡಿಯಾರವೂ ನಿಲ್ಲುತ್ತದೆ, ನಡುವೆ ಎರಡು ವಿರಾಮ ಬೇರೆ. ಒಟ್ಟು ಎರಡೂಕಾಲರಿಂದ ಎರಡೂವರೆ ಗಂಟೆ. ಶುಕ್ರವಾರವಾದರೆ ಮನೆ ಸೇರುವಾಗ ರಾತ್ರಿ ಹತ್ತಾಗುತ್ತದೆ. ಫುಟ್‌ಬಾಲ್ ಅಭ್ಯಾಸದವರು ಎರಡನೇ ಅವಧಿ ಮುಗಿದ ಕೂಡಲೇ ಆಟ ಮುಗಿಯಿತೆಂದು ಕೋಟು ಹಾಕಿಕೊಂಡು ಹೊರಡುತ್ತಾರೆ. ಹೊರಡಬೇಡಿ, ಇನ್ನೂ ಒಂದು ಬಾಕಿ ಇರುತ್ತದೆ.

ಟ್ಯಾಕ್ಸಿಯವರಿಗೂ ಹಳಬರಿಗೂ ಈ ಜಾಗ ಇಂದಿಗೂ 'ಒಡಿಸ್ಸಿ'ಯೇ. ಎಸ್‌ಎಸ್‌ಇ ಎಂಬ ಹೆಸರು ಬಂದದ್ದು 2015ರಲ್ಲಿ. ಪೇಟೆಯಿಂದ ಟೈಟಾನಿಕ್ ಕ್ವಾರ್ಟರ್ ಕಡೆ ಹೋಗುವ ಜಿ2 ಗ್ಲೈಡರ್ ಬಸ್ಸು ಹತ್ತಿರದಲ್ಲೇ ಇಳಿಸುತ್ತದೆ. ಗ್ಲೈಡರ್ ಒಳಗೆ ಚಾಲಕರು ಟಿಕೆಟ್ ಕೊಡುವುದಿಲ್ಲ, ಹತ್ತುವ ಮೊದಲೇ ನಿಲ್ದಾಣದ ಯಂತ್ರದಲ್ಲೋ ಫೋನಿನ ಆ್ಯಪ್‌ನಲ್ಲೋ ತೆಗೆದುಕೊಳ್ಳಬೇಕು. ಇಲ್ಲದೆ ಸಿಕ್ಕಿಬಿದ್ದರೆ ದಂಡ. ಪೇಟೆಯಿಂದ ಲಗಾನ್ ವೀರ್ ಎಂಬ ಅಡ್ಡಗಟ್ಟೆಯ ಮೇಲಿನ ಕಾಲುಸೇತುವೆ ದಾಟಿ ನಡೆದೂ ಹೋಗಬಹುದು. ನದಿಯ ಗಾಳಿ ಕಿವಿ ಕೊರೆಯುತ್ತದೆ, ಮಕ್ಕಳಿಗೆ ಟೋಪಿ ಇರಲಿ.

ಒಳಗೂ ಚಳಿಯೇ. ಕೆಳಗಿನ ಸಾಲುಗಳಲ್ಲಿ ಐಸ್‌ನ ತಣ್ಣನೆ ಗಾಳಿ ಕಾಲಿಗೆ ಬಡಿಯುತ್ತದೆ. ದಪ್ಪ ಕಾಲುಚೀಲ, ತೆಗೆದು ಹಾಕಿಕೊಳ್ಳಬಹುದಾದ ಸ್ವೆಟರ್ ಸಾಕು. ಹೊರಗಿನ ತಿಂಡಿ ಬಿಡುವುದಿಲ್ಲ, ದೊಡ್ಡ ಬ್ಯಾಗೂ ಬಿಡುವುದಿಲ್ಲ. ಚಿತ್ರಾನ್ನವೋ ಉಪ್ಪಿಟ್ಟೋ ಮನೆಯಲ್ಲೇ ತಿಂದು ಹೊರಡುವುದು ಒಳ್ಳೆಯದು. ಸಸ್ಯಾಹಾರಿಗಳು ಚಿಪ್ಸ್ (ಇಲ್ಲಿ ಹಾಗೆಂದರೆ ಫ್ರೆಂಚ್ ಫ್ರೈಸ್) ಕೊಳ್ಳುವ ಮೊದಲು ಮಾಂಸ ಕರಿದ ಎಣ್ಣೆಯಲ್ಲೇ ಕರಿದಿದ್ದಾರೆಯೇ ಎಂದು ಕೇಳಿಕೊಳ್ಳಿ, ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಸೀಟಿನ ವಿಷಯದಲ್ಲಿ, ಗಾಜಿಗೆ ಅಂಟಿಕೊಂಡ ಮೊದಲ ಸಾಲು ನೋಡಲು ಆಸೆ ಹುಟ್ಟಿಸುತ್ತದೆ. ಆದರೆ ಅಲ್ಲಿಂದ ಎದುರು ತುದಿಯ ಆಟ ಕಾಣುವುದಿಲ್ಲ, ಮೊದಲ ಸಲ ಬಂದವರಿಗೆ ಏನು ನಡೆಯುತ್ತಿದೆ ಎಂದೇ ಹೊಳೆಯುವುದಿಲ್ಲ. ಹತ್ತು ಹನ್ನೆರಡು ಸಾಲು ಮೇಲೆ ಕೂತರೆ ಇಡೀ ಐಸ್ ಕಣ್ಣಳತೆಯಲ್ಲಿರುತ್ತದೆ. ಪಕ್ ಎಂಬುದು ಸುಮಾರು 160 ಗ್ರಾಂ ತೂಗುವ ಗಟ್ಟಿ ರಬ್ಬರ್ ಬಿಲ್ಲೆ, ಪುಟಿಯಬಾರದೆಂದು ಅದನ್ನು ಆಟಕ್ಕೆ ಮೊದಲು ಹೆಪ್ಪುಗಟ್ಟಿಸಿರುತ್ತಾರೆ. ಗೋಲುಗಳ ಹಿಂದೆ ಮೇಲಿನವರೆಗೆ ಬಲೆ ಇದೆ, ಉದ್ದನೆಯ ಬದಿಗಳಲ್ಲಿ ಗಾಜಿನಿಂದ ಮೇಲೆ ಬಲೆ ಇಲ್ಲ. ಎಳೆಮಕ್ಕಳಿದ್ದರೆ ಗೋಲಿನ ಹಿಂದೆ, ಮೇಲಿನ ಸಾಲು ಹಿಡಿಯಿರಿ. ಆಟ ನಡೆಯುವಾಗ ಫೋನ್ ನೋಡುತ್ತಾ ಕೂರಬೇಡಿ. ಗೋಲಾದಾಗ ಮೊಳಗುವ ಹಾರ್ನ್‌ಗೆ ಕೂಸುಗಳು ಬೆಚ್ಚಿಬೀಳುತ್ತವೆ, ಕಿವಿಗೆ ಮಕ್ಕಳ ಇಯರ್‌ಮಫ್ ಹಾಕಿ.

ಆಟ ಅರ್ಥವಾಗಲು ಎಷ್ಟು ಬೇಕೋ ಅಷ್ಟು

ಒಂದು ತಂಡದಿಂದ ಐಸ್ ಮೇಲೆ ಆರು ಜನ: ಗೋಲಿ (ಗೋಲ್‌ಕೀಪರ್), ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಮುಕ್ಕಾಲು ನಿಮಿಷಕ್ಕೊಮ್ಮೆ, ಆಟ ನಿಲ್ಲದೆಯೇ, ಬೇಲಿ ಹಾರಿ ಬದಲಾಗುತ್ತಿರುತ್ತಾರೆ. ಅಷ್ಟು ರಭಸದ ಓಟವನ್ನು ಅದಕ್ಕಿಂತ ಹೆಚ್ಚು ಹೊತ್ತು ಯಾರೂ ತಡೆಯಲಾರರು.

ಎರಡು ನೀಲಿ ಗೆರೆಗಳನ್ನು ಮೊದಲು ಗುರುತಿಸಿಕೊಳ್ಳಿ. ಎದುರಾಳಿಯ ನೀಲಿ ಗೆರೆಯನ್ನು ಪಕ್ ದಾಟುವ ಮೊದಲೇ ದಾಳಿಕೋರ ದಾಟಿದರೆ ಆಫ್‌ಸೈಡ್. ತನ್ನ ಅರ್ಧದಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಾಳಿಯ ಗೋಲ್‌ಗೆರೆ ದಾಟಿ ಹೋದರೆ ಐಸಿಂಗ್. ತಪ್ಪು ಮಾಡಿದವನನ್ನು 2 ನಿಮಿಷ ಹೊರಗೆ ಕೂರಿಸುತ್ತಾರೆ, ಜೋರು ತಪ್ಪಾದರೆ 5. ಆಗ ಎದುರು ತಂಡಕ್ಕೆ ಒಬ್ಬ ಆಟಗಾರ ಹೆಚ್ಚು ಸಿಕ್ಕಂತೆ, ಅದೇ 'ಪವರ್ ಪ್ಲೇ'. ಕ್ರಿಕೆಟ್‌ನಲ್ಲಿ ಕೇಳಿದ ಪದವೇ, ಅರ್ಥ ಬೇರೆ. ಮೊದಲ ದಿನ ಪಕ್ ಹಿಂದೆ ಕಣ್ಣು ಓಡಿಸುವ ಬದಲು ಈ ಎರಡು ನಿಮಿಷಗಳನ್ನು ಗಮನವಿಟ್ಟು ನೋಡಿ. ಹೆಚ್ಚಿನವನು ಎಲ್ಲಿ ಖಾಲಿ ಜಾಗ ಹುಡುಕುತ್ತಾನೆ, ಕಡಿಮೆ ಇರುವ ನಾಲ್ವರು ಹೇಗೆ ಚೌಕಾಕಾರದಲ್ಲಿ ನಿಂತು ದಾರಿ ಮುಚ್ಚುತ್ತಾರೆ ಎಂಬುದು ಕಂಡರೆ ಆಟದ ಅರ್ಧ ಗುಟ್ಟು ತಿಳಿದಂತೆ.

60 ನಿಮಿಷಕ್ಕೆ ಸಮವಾದರೆ, ಲೀಗ್ ಪಂದ್ಯದಲ್ಲಿ ಮೂವರ ಎದುರು ಮೂವರು 5 ನಿಮಿಷ ಆಡುತ್ತಾರೆ, ಆಮೇಲೆ ಪೆನಾಲ್ಟಿ ಹೊಡೆತಗಳು. ಗೆದ್ದವರಿಗೆ 2 ಅಂಕ, ಹೆಚ್ಚುವರಿ ಆಟದಲ್ಲಿ ಸೋತವರಿಗೂ 1.

ವಿರಾಮದಲ್ಲಿ ಮಕ್ಕಳನ್ನು ಸಾಲಿನಿಂದ ಎಬ್ಬಿಸುವ ಮೊದಲು ಐಸ್ ಹೊಸದು ಮಾಡುವ ಗಾಡಿ ಬರುವುದನ್ನು ತೋರಿಸಿ. ಕೆಳಗಿನ ಅಲಗು ಗೀರು ಬಿದ್ದ ಮೇಲ್ಪದರವನ್ನು ಕೆರೆಯುತ್ತದೆ, ಹಿಂದಿನ ಬಟ್ಟೆ ತೆಳ್ಳಗೆ ಬಿಸಿನೀರು ಸವರುತ್ತದೆ. ಬಿಸಿನೀರು ಯಾಕೆಂದರೆ, ಅದು ಹಳೆಯ ಐಸ್‌ನ ಮೇಲ್ಮೈಯನ್ನು ಕೊಂಚ ಕರಗಿಸಿ ಬೆಸೆದುಕೊಂಡು ಹೆಪ್ಪುಗಟ್ಟುತ್ತದೆ. ಗಾಡಿ ಹೋದ ದಾರಿ ಸಾರಿಸಿದ ಹೊಸ ನೆಲದ ಹಾಗೆ ಹೊಳೆಯುತ್ತದೆ.

ಮಗು 'ನಾನೂ ಆಡುತ್ತೇನೆ' ಎಂದಾಗ

ಮೂರು ಪಂದ್ಯ ನೋಡಿದ ಮಗು ಹೀಗೆ ಕೇಳದೇ ಇರುವುದು ಅಪರೂಪ. ದಾರಿ ಡಂಡೊನಾಲ್ಡ್ ಐಸ್ ಬೋಲ್‌ನಿಂದ ಶುರು. 1986ರಲ್ಲಿ ತೆರೆದ ಸಾರ್ವಜನಿಕ ರಿಂಕ್ ಅದು. ಜಿ1 ಗ್ಲೈಡರ್‌ನ ಪೂರ್ವದ ಕೊನೆಯ ನಿಲ್ದಾಣದಿಂದ ಸ್ವಲ್ಪ ನಡೆಯಬೇಕು. ಹೊಸ ಕಟ್ಟಡದ ಯೋಜನೆ ಇರುವುದರಿಂದ ಹೊರಡುವ ಮೊದಲು ವೇಳಾಪಟ್ಟಿ ನೋಡಿಕೊಳ್ಳಿ.

ಕಿಟ್ ಕೊಳ್ಳಲು ಅವಸರ ಬೇಡ. ಮೊದಲು ಬಾಡಿಗೆ ಸ್ಕೇಟ್‌ನಲ್ಲಿ ನಾಲ್ಕೈದು ಸಲ ಸ್ಕೇಟಿಂಗ್ ಮಾಡಿಸಿ. ಎರಡು ಜೊತೆ ದಪ್ಪ ಕಾಲುಚೀಲ ಹಾಕುವುದು ಎಲ್ಲರೂ ಮಾಡುವ ತಪ್ಪು, ಒಳಗೆ ಪಾದ ಜಾರಿ ಕಣಕಾಲು ಒಳಕ್ಕೆ ವಾಲುತ್ತದೆ. ತೆಳ್ಳನೆಯ ಒಂದೇ ಜೊತೆ ಸಾಕು. ದಾರವನ್ನು ಬೆರಳುಗಳ ಕಡೆ ಸಡಿಲವಾಗಿ, ಪಾದದ ಮಧ್ಯದಿಂದ ಕಣಕಾಲಿನವರೆಗೆ ಬಿಗಿಯಾಗಿ ಕಟ್ಟಿ. ಬೀಳುವಂತಾದರೆ ಮಂಡಿ ಮಡಿಸಿ ಪಕ್ಕಕ್ಕೆ ಬೀಳಲಿ, ಬಿದ್ದ ಕೂಡಲೇ ಬೆರಳು ಮುಷ್ಟಿ ಮಾಡಿಕೊಳ್ಳಲಿ. ಬೇರೆಯವರ ಸ್ಕೇಟಿನ ಅಲಗು ಬೆರಳ ಮೇಲೆ ಹಾಯುವ ಅಪಾಯ ಇರುತ್ತದೆ. ಕೈಗವಸು ಚಳಿಗಷ್ಟೇ ಅಲ್ಲ, ಇದಕ್ಕೂ ಬೇಕು.

ತರಬೇತಿಗೆ ಸೇರಿದ ಮೇಲೆ ಬೇಕಾಗುವುದು ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಕುತ್ತಿಗೆ ಕವಚ, ಭುಜ, ಮೊಣಕೈ ಮತ್ತು ಮೊಣಕಾಲಿನ ಪ್ಯಾಡ್‌ಗಳು, ಪ್ಯಾಡ್ ಇರುವ ಚಡ್ಡಿ, ಗ್ಲೌಸ್, ಸ್ಕೇಟ್, ಕೋಲು. ಕುತ್ತಿಗೆ ಕವಚದ ವಿಷಯದಲ್ಲಿ ರಾಜಿ ಬೇಡ. 2023ರ ಅಕ್ಟೋಬರ್ 28ರಂದು ಶೆಫೀಲ್ಡ್‌ನಲ್ಲಿ ನಾಟಿಂಗ್‌ಹ್ಯಾಂ ತಂಡದ ಆಡಂ ಜಾನ್ಸನ್ ಸ್ಕೇಟಿನ ಅಲಗು ಕುತ್ತಿಗೆಗೆ ತಾಗಿ ತೀರಿಕೊಂಡರು. ಮಕ್ಕಳು ಸೆಕೆ ಎಂದು ಅದನ್ನು ಕಳಚುತ್ತಾರೆ, ಒಪ್ಪಬೇಡಿ.

ಪ್ಯಾಡ್‌ಗಳನ್ನೂ ಕೋಲನ್ನೂ ಹಳೆಯವು ಕೊಂಡರೆ ಹಣ ಉಳಿಯುತ್ತದೆ, ಮಕ್ಕಳು ಒಂದು ವರ್ಷದಲ್ಲಿ ಅವನ್ನು ಮೀರಿ ಬೆಳೆಯುತ್ತಾರೆ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ, ಹಿಂದೆ ಪೆಟ್ಟು ತಿಂದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಬರಿಗಾಲಲ್ಲಿ ಮೂಗಿನ ಮಟ್ಟಕ್ಕೆ, ಸ್ಕೇಟ್ ಹಾಕಿದಾಗ ಗದ್ದದ ಮಟ್ಟಕ್ಕೆ ಬರಬೇಕು. ಉದ್ದವಾದರೆ ಮೇಲ್ತುದಿಯನ್ನು ಗರಗಸದಿಂದ ಕತ್ತರಿಸಿ ಟೇಪ್ ಸುತ್ತಿ.

ಸ್ಕೇಟ್ ಹಾಳಾಗುವುದು ಮನೆಯಲ್ಲಿ. ಒದ್ದೆ ಅಲಗಿಗೆ ಪ್ಲಾಸ್ಟಿಕ್ ಗಾರ್ಡ್ ಹಾಕಿ ಬ್ಯಾಗಿನಲ್ಲಿ ಬಿಟ್ಟರೆ ಎರಡು ದಿನಕ್ಕೆ ತುಕ್ಕು. ಐಸ್‌ನಿಂದ ಇಳಿದ ಕೂಡಲೇ ಒಣ ಬಟ್ಟೆಯಲ್ಲಿ ಅಲಗಿನ ಎರಡೂ ಬದಿ ಒರೆಸಿ. ಪ್ಲಾಸ್ಟಿಕ್ ಗಾರ್ಡ್ ನೆಲದ ಮೇಲೆ ನಡೆಯುವುದಕ್ಕಷ್ಟೇ, ಮನೆಗೆ ಒಯ್ಯುವಾಗ ಬಟ್ಟೆಯ ಚೀಲ ಹಾಕಿ. ಮನೆಗೆ ಬಂದ ಮೇಲೆ ಸ್ಕೇಟ್‌ನ ನಾಲಿಗೆ ಹೊರಕ್ಕೆಳೆದು, ಒಳಪದರ ಬಿಚ್ಚಿ, ಹೀಟರ್‌ನಿಂದ ದೂರದಲ್ಲಿ ಗಾಳಿಗೆ ಇಡಿ.